ಸೋಮವಾರದ ಬ್ಯಾಟರಿ

ಕೊಡಗು ತನ್ನದೇ ಮಂತ್ರಿಗಳನ್ನಿಟ್ಟುಕೊಂಡು ರಾಜ್ಯವಾಗಿ ಮೆರೆಯುತ್ತಿದ್ದ ಕಾಲದಲ್ಲಿ, ಸುಂಟಿಕೊಪ್ಪದಿಂದ ಸಮುದ್ರದವರೆಗೆ ನನ್ನಂಥ ವೈರ್‌ಮನ್ ಇನ್ನೊಬ್ಬ ಇರಲಿಲ್ಲ. ಈ ಮಲ್ಲಪ್ಪ ಎಳೆದ ತಂತಿಯನ್ನು ಮುಟ್ಟುವ ಮುಂಚೆ ಸಿಡಿಲೂ ಒಮ್ಮೆ ಕೆಮ್ಮಿ ಅಪ್ಪಣೆ ಕೇಳುತ್ತಿತ್ತು. ಅಂಥವನ ಮಾನ ತೆಗೆದದ್ದು ಒಬ್ಬ ಕಾವಲುಗಾರ.

ಬೆಳ್ಳಿಯಪ್ಪ ಧಣಿಗಳ ಕಾಫಿ ಗೋದಾಮಿಗೆ ಬೆಂಕಿಗಂಟೆ ಕೂರಿಸಿದ್ದೆ. ಗೋದಾಮನ್ನೆಲ್ಲ ಸುತ್ತಿದ ಒಂದೇ ತಂತಿ ಹೊರಟ ಬ್ಯಾಟರಿಗೇ ಮರಳುತ್ತಿತ್ತು. ಅದರಲ್ಲಿ ಹಗಲಿರುಳು ಕರೆಂಟು ಹರಿಯುತ್ತಿರಬೇಕು. ಇದಕ್ಕೆ ಮುಚ್ಚಿದ ಸರ್ಕ್ಯೂಟು ಎನ್ನುತ್ತಾರೆ. ನಡುನಡುವೆ ಬಿಸಿಗೆ ಬೇಗ ಕರಗುವ ಲೋಹದ ತುಂಡುಗಳು. ಬೆಂಕಿ ಬಿದ್ದರೆ ತುಂಡು ಕರಗಿ ಸರ್ಕ್ಯೂಟು ಕಡಿಯುತ್ತದೆ. ಆಗ, ಕರೆಂಟಿರುವವರೆಗೆ ಅಯಸ್ಕಾಂತ ಹಿಡಿದಿಟ್ಟ ರಿಲೇಯ ನಾಲಗೆ ಕಳಚಿ ಬಿದ್ದು, ಅದಕ್ಕೆಂದೇ ಇಟ್ಟ ಎರಡನೇ ಬ್ಯಾಟರಿ ಗಂಟೆ ಬಾರಿಸುತ್ತದೆ. ಇಲಿ ಕಡಿದರೂ ಬಾರಿಸುತ್ತಿತ್ತು. ವಾರಕ್ಕೆ ಮೂರು ಬಾರಿ ಇಲಿ ಕಡಿಯುತ್ತಿತ್ತು. ಕಾಫಿಬೀಜ ಆರಿಸುವ ಹೆಂಗಸರು ಗಂಟೆ ಕೇಳಿದರೆ ತಲೆ ಎತ್ತುವುದನ್ನೂ ಬಿಟ್ಟಿದ್ದರು.

ವಿಮಾ ಕಂಪನಿಯ ಇನ್‌ಸ್ಪೆಕ್ಟರು ಮದ್ರಾಸಿನಿಂದ ಬಂದ ದಿನ ಧಣಿ ನನ್ನನ್ನು ಪಕ್ಕಕ್ಕೆ ಕರೆದರು. "ಗಂಟೆ ಹೊಡೆದ್ರೆ ನೀನು ಎಸ್ಟೇಟಿಗೆ ಕಾಯಂ ಮಲ್ಲಪ್ಪ. ಹೊಡೀದಿದ್ರೆ ನಿನ್ನ ಏಣಿ ಹೊತ್ಕೊಂಡು ಹೋಗ್ತಾ ಇರು."

"ಧಣಿ, ಇದರ ಸದ್ದಿಗೆ ಕುಶಾಲನಗರದಲ್ಲಿ ಮಲಗಿದ ಎಮ್ಮೆ ಎದ್ದು ನಿಲ್ಲುತ್ತೆ," ಎಂದೆ.

ಇನ್‌ಸ್ಪೆಕ್ಟರು ಇಕ್ಕಳದಿಂದ ತಂತಿಯನ್ನು ಕತ್ತರಿಸಿದರು. ಎಮ್ಮೆಯ ಮಾತಿರಲಿ, ಗೋದಾಮಿನ ನೊಣವೂ ಏಳಲಿಲ್ಲ.

ಬ್ಯಾಟರಿ ಪೆಟ್ಟಿಗೆ ತೆರೆದರೆ, ಎರಡರ ತಂತಿಗಳನ್ನೂ ಬಿಚ್ಚಿ ಅಚ್ಚುಕಟ್ಟಾಗಿ ಸುತ್ತಿಟ್ಟಿದೆ. ಮೇಲೆ ವಿಭೂತಿ ಬೇರೆ. ಕಾವಲುಗಾರ ತಿಮ್ಮಯ್ಯ, ಹಾಸನದ ಕಡೆಯಿಂದ ಬಂದು ನೆಲೆಸಿದ ರೈತ, ಬಾಗಿಲಲ್ಲೇ ಎಲೆಅಡಿಕೆ ಮೆಲ್ಲುತ್ತ ನಿಂತಿದ್ದ.

"ಯಾರಯ್ಯ ಬಿಚ್ಚಿದ್ದು?"

"ನಾನೇಯ. ಇವತ್ತು ಸೋಮವಾರ ಅಲ್ವಾ ಮೇಸ್ತ್ರಿ."

"ಸೋಮವಾರ ಆದ್ರೆ?"

"ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡ್ತಾರಾ? ಹಗಲೂ ರಾತ್ರಿ ದುಡೀತದೆ ಅಂತ ನೀವೇ ಅಂದ್ರಲ್ಲ. ಮೊದ್ಲು ದುಡಿಯೋದನ್ನ ಬಿಚ್ದೆ, ಇನ್ನೊಂದು ಬಡ್ಕೊಳ್ತು. ಜೊತೆ ಎತ್ತು ಬಿಚ್ಚಿದ್ರೆ ಕೂಗಲ್ವಾ, ಹಂಗೆ. ಅದನ್ನೂ ಬಿಚ್ದೆ. ಎರಡು ತಿಂಗಳಿಂದ ಹಿಂಗೇಯ."

ನನ್ನ ತಲೆಯ ಕಾವಿಗೆ ಪಕ್ಕದ ಲೋಹದ ತುಂಡು ಕರಗಬೇಕಿತ್ತು. "ಅದು ಬ್ಯಾಟರಿ ಕಣಯ್ಯ, ಬಸವ ಅಲ್ಲ," ಎನ್ನುತ್ತ ಎರಡನ್ನೂ ಕಟ್ಟಿದೆ. ಕತ್ತರಿಸಿದ ತಂತಿ ಹಾಗೇ ಇತ್ತಲ್ಲ, ಗಂಟೆ ಒಮ್ಮೆಗೇ ಅರಚಿಕೊಂಡಿತು.

ಅಂಗಳದಲ್ಲಿ ಬೀಜ ಆರಿಸುತ್ತಿದ್ದ ಸಿದ್ದಮ್ಮ ಎದ್ದು ನಿಂತಳು. "ಸೋಮವಾರ ಇಲಿ ಕಡಿದ್ರೂ ಸುಮ್ನಿರೋದು ಇವತ್ತು ಬಡ್ಕೊಳ್ತಾ ಅದೆ ಕಣ್ರೇ. ಅಂದ್ರೆ ಇದು ನಿಜವಾದ ಬೆಂಕಿ."

ನಾನ್ನೂರು ಹೆಂಗಸರು ನೀರಿನ ಬಕೆಟ್ಟು ಹಿಡಿದು ನುಗ್ಗಿದರು. ಧಣಿಗಳ ಲೆಕ್ಕದಲ್ಲಿ ನಲವತ್ತು. ಬೆಂಕಿ ಎಲ್ಲೂ ಕಾಣಲಿಲ್ಲ. ಕಂಡವರು ಇನ್‌ಸ್ಪೆಕ್ಟರು, ಅವರ ಬಾಯಲ್ಲಿ ಸಿಗರೇಟು. ಮೊದಲ ಬಕೆಟ್ಟು ಅವರ ಹ್ಯಾಟನ್ನು ತೇಲಿಸಿತು, ಉಳಿದವು ಅವರನ್ನು.

ಇನ್‌ಸ್ಪೆಕ್ಟರು ಮುಖ ಒರೆಸಿಕೊಂಡು ಗಡಿಯಾರ ನೋಡಿದರು. "ಗಂಟೆ ಹೊಡೆದು ನೀರು ಬರೋಕೆ ಒಂದು ನಿಮಿಷ ಆಗಿಲ್ಲ," ಎಂದು ಒದ್ದೆ ಕಾಗದದ ಮೇಲೆಯೇ ಪಾಸು ಬರೆದರು. ಷರತ್ತು ಒಂದೇ: ವಾರದ ಏಳು ದಿನವೂ ಗಂಟೆಗೆ ಕರೆಂಟಿರಬೇಕು.

ತಿಮ್ಮಯ್ಯ ಒಪ್ಪಲಿಲ್ಲ. ಸೋಮವಾರ ದುಡಿಸುವುದಾದರೆ ಆ ಪಾಪದ ಕಾವಲು ತನಗೆ ಬೇಡ ಎಂದು ಬೀಗದಕೈ ನೆಲದ ಮೇಲಿಟ್ಟ. ಧಣಿ ನನ್ನ ಕಡೆ ತಿರುಗಿದರು. "ಅವನಂಥ ಕಾವಲುಗಾರ ಸಿಗಲ್ಲ. ವೈರ್‌ಮನ್ ಕಾಯಂ ಆದೆಯಲ್ಲ, ಸೋಮವಾರಕ್ಕೆ ಇನ್ನೊಂದು ಜೋಡಿ ಬ್ಯಾಟರಿ ಕಟ್ಟು."

ಹಾಗಾಗಿ ಭೂಮಂಡಲದಲ್ಲೇ ಮೊದಲ ಬಾರಿಗೆ, ಸೋಮವಾರಕ್ಕೆಂದೇ ಬೇರೆ ಬ್ಯಾಟರಿ ಜೋಡಿ, ಅತ್ತಿಂದಿತ್ತ ತಿರುಗಿಸಲು ಒಂದು ಸ್ವಿಚ್ಚು. ಹಳೆಯ ಜೋಡಿಗೆ ಸೋಮವಾರ ಬಿಡುವು, ಹೊಸದಕ್ಕೆ ಉಳಿದ ಆರು ದಿನ; ಏಣಿಯ ಕೆಳಗೆ ನಿಂತ ತಿಮ್ಮಯ್ಯನಿಗೆ ಸಂತೋಷವೋ ಸಂತೋಷ.

"ಎತ್ತಿನ ಜೋಡಿ ಕಟ್ಟೋ ಹಂಗೆ ಎಡದ್ಯಾವುದು ಬಲದ್ಯಾವುದು ನೋಡ್ಕಟ್ಟಿ ಮೇಸ್ತ್ರಿ. ಅದಲುಬದಲಾದ್ರೆ ಕೆಲ್ಸ ಕೆಡ್ತದೆ."

ಅದಾಗಲೇ ಎರಡು ಬಾರಿ ಅದಲುಬದಲು ಕಟ್ಟಿ ಬಿಚ್ಚಿದ್ದೆ. "ನೀನು ಸುಮ್ನಿರಯ್ಯ," ಎಂದು ಮೂರನೇ ಸಲ ಬಿಚ್ಚಿದೆ.