ಆರು ಗಂಟೆ ಹದಿನೈದು ನಿಮಿಷ

"ನಾನೂ ಬರ್ತೀನಿ" ಎನ್ನುವಷ್ಟರಲ್ಲಿ ತಂಗಿ ಚಪ್ಪಲಿ ಮೆಟ್ಟಿಕೊಂಡಾಗಿತ್ತು.

"ನಿನಗೇನು ಕೆಲಸ ಅಲ್ಲಿ? ಹಳೇ ಮೆಷಿನ್ ಅದು. ಮೂರು ಗಂಟೆ ಕುರ್ಚಿ ಮೇಲೆ ಕೂರಬೇಕು. ಸೊಂಟ ಹಿಡಿದುಕೊಳ್ಳತ್ತೆ."

"ಮನೇಲಿ ಕೂತರೆ ಹಿಡಿಯಲ್ವಾ?"

ಅಕ್ಕ ಬೀಗ ಹಾಕಿದಳು, ಎರಡು ಸಲ ಜಗ್ಗಿ ನೋಡಿದಳು, ಲಿಫ್ಟಿನ ಗುಂಡಿ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ.

"ಒತ್ತಿದಷ್ಟೂ ಬೇಗ ಬರಲ್ಲ ಅಕ್ಕ ಅದು."

ಎಪ್ಪತ್ತೊಂಬತ್ತು ವರ್ಷದ ಅಕ್ಕನಿಗೆ ಎಪ್ಪತ್ತನಾಲ್ಕು ವರ್ಷದ ತಂಗಿ ಹೇಳುವ ಮಾತು. ಗಂಡ ತೀರಿಕೊಂಡ ಮೇಲೆ ತಂಗಿ ಒಂದು ಪೆಟ್ಟಿಗೆ ಹಿಡಿದು ಬಂದವಳು, ಹನ್ನೆರಡು ವರ್ಷದಿಂದ ಜೊತೆಯಲ್ಲೇ ಇದ್ದಾಳೆ. ಇಬ್ಬರೂ ಜಗಳವಾಡುವುದಿಲ್ಲ. ಜಗಳವಾಡುವಷ್ಟು ಮಾತೂ ಆಡುವುದಿಲ್ಲ.

ಕೆಳಗೆ ಬಾಹ್ಯಾಕಾಶ ಕೇಂದ್ರದ ಕಾರು ಕಾಯುತ್ತಿತ್ತು. ಅಕ್ಕ ಮೂವತ್ತಮೂರು ವರ್ಷ ಕಕ್ಷೆಗಳ ಲೆಕ್ಕ ಹಾಕಿದ ಜಾಗ ಅದು. ಅಲ್ಲಿನ ಮೊದಲನೇ ಕಂಪ್ಯೂಟರನ್ನು ಗೋದಾಮಿನಿಂದ ಎತ್ತಿ, ಧೂಳು ಕೊಡವಿ, ಅದರ ಹಳೆಯ ಹಜಾರದಲ್ಲೇ ಪ್ರದರ್ಶನಕ್ಕೆ ಇಟ್ಟಿದ್ದರು. ಇವತ್ತು ಉದ್ಘಾಟನೆ. "ಮೇಡಂ, ಮೊದಲನೇ ಉಪಗ್ರಹದ ಲೆಕ್ಕಾನ ಈಗಿನ ಮೆಷಿನ್ ಮೇಲೆ ಮತ್ತೆ ಓಡಿಸಿ ತೋರಿಸ್ತೀವಿ. ಗುಂಡಿ ನೀವೇ ಒತ್ತಬೇಕು" ಎಂದು ಎಳೆಯ ಇಂಜಿನಿಯರ್ ಹುಡುಗಿಯೊಬ್ಬಳು ಫೋನಿನಲ್ಲಿ ಗೋಗರೆದಿದ್ದಳು. ಬರುವುದಿಲ್ಲ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಅದಕ್ಕೇ ಅವಳು ಹೂಂ ಎಂದಿದ್ದಳು.

ಹೋದ ತಿಂಗಳು ತಂಗಿಯ ಕಣ್ಣಿನ ಪೊರೆ ತೆಗೆಸಿದ್ದರು. ಅವತ್ತಿನಿಂದ ಕಂಡದ್ದನ್ನೆಲ್ಲ ಓದುವ ಚಟ. ದಾರಿಯುದ್ದಕ್ಕೂ ಓದಿದಳು. ಹಲ್ಲಿನ ದವಾಖಾನೆ. ಹಳೇ ಟೈರ್ ಕೊಳ್ಳಲಾಗುವುದು. ಇಲ್ಲಿ ಗಾಡಿ ನಿಲ್ಲಿಸಬಾರದು.

ಓದಲು ಏನೂ ಉಳಿಯದಿದ್ದಾಗ ಡ್ರೈವರನ ಕಡೆ ಬಾಗಿದಳು. "ನಿಮಗೆ ಗೊತ್ತಿಲ್ಲ ಅನ್ಸತ್ತೆ. ಮೊದಲನೇ ಉಪಗ್ರಹದ ದಾರಿ ಲೆಕ್ಕ ಹಾಕಿದ್ದು ನಮ್ಮಕ್ಕ."

"ಹೌದಾ ಅಮ್ಮ?"

"ಇಪ್ಪತ್ತಾರು ಗಂಟೆ. ಕೂತಲ್ಲಿಂದ ಎದ್ದಿಲ್ಲ. ಆಚೆ ಆಸ್ಪತ್ರೇಲಿ ನಮ್ಮಮ್ಮ ಕೊನೇ ಉಸಿರು ಎಳೀತಿದ್ದಾರೆ, ದೊಡ್ಡವಳು ಬಂದಳಾ ಬಂದಳಾ ಅಂತ ಕೇಳ್ತಿದ್ದಾರೆ. ನಾನು ಹೇಳ್ತಿದ್ದೀನಿ, ಮೆಷಿನ್ ಇನ್ನೂ ಓಡ್ತಿದೆಯಮ್ಮ, ಅಕ್ಕ ಎದ್ದರೆ ರಾಕೆಟ್ಟೇ ಬಿದ್ದು ಹೋಗತ್ತೆ ಅಂತ."

"ಅಬ್ಬಾ" ಎಂದ ಡ್ರೈವರ್.

"ಪುಟ್ಟಿ, ಸಾಕು."

"ಹೆಮ್ಮೆ ಪಡೋ ವಿಷಯ ಅಲ್ವಾ ಅಕ್ಕ?"

ತಂಗಿ ಈ ಕತೆಯನ್ನು ಐವತ್ತೈದು ವರ್ಷದಿಂದ ಹೇಳುತ್ತ ಬಂದಿದ್ದಳು. ಗಂಡನ ಮನೆಯಲ್ಲಿ ಹೇಳಿದ್ದಳು, ಹೆರಿಗೆ ವಾರ್ಡಿನಲ್ಲಿ ಹೇಳಿದ್ದಳು, ಗ್ಯಾಸ್ ರಿಪೇರಿಗೆ ಬಂದವನಿಗೂ ಹೇಳಿದ್ದಳು. ಹೇಳಿ ಹೇಳಿ ಕತೆ ನುಣುಪಾಗಿತ್ತು. ಎಲ್ಲಿ ಮುಟ್ಟಿದರೂ ಕೈಗೆ ಚುಚ್ಚುತ್ತಿರಲಿಲ್ಲ.

ಅಕ್ಕ ಕಿಟಕಿಯ ಗಾಜು ಇಳಿಸಿದಳು. ಗಾಳಿ ಜೋರೆನಿಸಿತು. ಏರಿಸಿದಳು.

*

ಯಂತ್ರ ಅವಳು ನೆನಪಿಟ್ಟುಕೊಂಡಿದ್ದಕ್ಕಿಂತ ಚಿಕ್ಕದಾಗಿತ್ತು. ಆಗ ಹಜಾರವನ್ನೆಲ್ಲ ಅದೇ ತುಂಬಿಕೊಂಡಂತಿತ್ತು. ಈಗ ಯಾರದೋ ಮನೆ ಖಾಲಿ ಮಾಡುವಾಗ ಸಾಲಾಗಿ ನಿಲ್ಲಿಸಿದ ಬೀರುಗಳ ಹಾಗೆ ಕಂಡಿತು. ಬೀರುಗಳ ನಡುವಿನ ಸಂದಿನಲ್ಲಿ ಮಕ್ಕಳು ಓಡಾಡುತ್ತಿದ್ದರು.

ಇಂಜಿನಿಯರ್ ಹುಡುಗಿ ಓಡಿಬಂದಳು. "ಮೇಡಂ, ಇದರ ಮೆಮೊರಿ ಎಷ್ಟು ಗೊತ್ತಾ? ಮೂವತ್ತೆರಡು ಸಾವಿರ ಅಕ್ಷರ, ಅಷ್ಟೆ! ನನ್ನ ಫೋನಲ್ಲಿ ಒಂದು ಫೋಟೋ ಇಡೋಕೆ ಇಂಥ ನೂರು ಮೆಷಿನ್ ಬೇಕು." ಹೇಳಿ ನಾಲಿಗೆ ಕಚ್ಚಿಕೊಂಡಳು. "ಅಂದ್ರೆ... ಅಷ್ಟರಲ್ಲೇ ನೀವು ಎಲ್ಲಾ ಮಾಡಿದಿರಲ್ಲ, ಅದಕ್ಕೆ ಹೇಳಿದೆ."

"ಗೊತ್ತು."

ಗೊತ್ತಿತ್ತು. ಆ ಮೂವತ್ತೆರಡು ಸಾವಿರದಲ್ಲಿ ಒಂದೊಂದು ಅಕ್ಷರಕ್ಕೂ ಅವಳು ಹೊಡೆದಾಡಿದ್ದಳು. ಒಂದು ಸಂಖ್ಯೆಯನ್ನು ಒಳಗೆ ಕೂರಿಸಲು ಇನ್ನೊಂದನ್ನು ಎಬ್ಬಿಸಿ ಹೊರಗೆ ಕಳಿಸಬೇಕಿತ್ತು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎನ್ನುವುದರಲ್ಲಿ ಅವಳ ಕೈ ಪಳಗಿತ್ತು.

ಹುಡುಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಒಳಗೆ ಯಂತ್ರಕ್ಕೆ ಲೆಕ್ಕ ಉಣಿಸುತ್ತಿದ್ದ ಒಂದು ಕಟ್ಟು ತೂತಿನ ಕಾರ್ಡು, ಪಕ್ಕದಲ್ಲಿ ತೆರೆದಿಟ್ಟ ಲಾಗ್ ಬುಕ್. ಯಂತ್ರವನ್ನು ಯಾರು, ಯಾವಾಗ, ಎಷ್ಟು ಹೊತ್ತು ಬಳಸಿದರು ಎಂದು ಬರೆದಿಡುತ್ತಿದ್ದ ಪುಸ್ತಕ. ಪುಟದ ನಡುವೆ ಅವಳದೇ ಕೈಬರಹ. *ಕಕ್ಷೆಯ ಲೆಕ್ಕ. ಆರಂಭ: ಬೆಳಿಗ್ಗೆ 10.10. ಮುಕ್ತಾಯ: ಸಂಜೆ 4.25.* ಕೆಳಗೆ ಅವಳ ರುಜು.

ಇದನ್ನು ಸುಟ್ಟಿರುತ್ತಾರೆ, ಇಲ್ಲವೇ ಗೆದ್ದಲು ತಿಂದಿರುತ್ತದೆ ಎಂದುಕೊಂಡಿದ್ದಳು. ಸರ್ಕಾರಿ ಕಾಗದ ಬೇಕಾದಾಗ ಸಿಗುವುದಿಲ್ಲ.

"ಈ ಪುಟ ಮಗುಚಿ ಬೇರೆ ಇಡಬಹುದಾ?"

"ಯಾಕೆ ಮೇಡಂ? ಇದೇ ಮುಖ್ಯವಾದ ಪುಟ!"

"ಅಕ್ಷರ ಚೆನ್ನಾಗಿಲ್ಲ."

"ಮುತ್ತು ಪೋಣಿಸಿದ ಹಾಗಿದೆ ಮೇಡಂ. ಅಲ್ಲದೆ ಬೀಗದ ಕೈ ನಿರ್ದೇಶಕರ ಹತ್ರ ಇದೆ."

ಅವಳು ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಳು. ತಂಗಿ ದೂರದಲ್ಲಿ ಒಂದೊಂದೇ ಫಲಕ ಓದುತ್ತ, ತುಟಿ ಅಲ್ಲಾಡಿಸುತ್ತ, ಸಾಲು ಹಿಡಿದು ಇತ್ತಲೇ ಬರುತ್ತಿದ್ದಳು. ಇನ್ನು ನಾಲ್ಕು ಫಲಕ. ಮೂರು.

"ಪುಟ್ಟಿ, ಕೂತ್ಕೋ ಹೋಗು. ಮುಂದಿನ ಸಾಲು ತುಂಬತ್ತೆ."

"ಇದೊಂದು ಓದ್ತೀನಿ."

"ಆಮೇಲೆ ಓದುವಿಯಂತೆ!"

ದನಿ ಏರಿತ್ತು. ಒಂದಿಬ್ಬರು ತಿರುಗಿ ನೋಡಿದರು. ತಂಗಿ ಹೋಗಿ ಕೂತಳು. ಅಕ್ಕ ಪೆಟ್ಟಿಗೆಯ ಮುಂದಿನಿಂದ ಕದಲಲಿಲ್ಲ. ಯಾರೋ ಕುರ್ಚಿ ತಂದುಕೊಟ್ಟರು, ಬೇಡವೆಂದಳು. ನೀರು ತಂದರು, ಅದೂ ಬೇಡವೆಂದಳು.

ಅವತ್ತು ಸಂಜೆ ನಾಲ್ಕು ಇಪ್ಪತ್ತೈದಕ್ಕೆ ಯಂತ್ರ ನಿಂತಿತ್ತು. ಉತ್ತರ ಬಂದಿತ್ತು, ಸರಿಯಾಗಿತ್ತು. ಉಳಿದವರೆಲ್ಲ ಕೈಕುಲುಕಿ ಮನೆಗೆ ಹೊರಟರು. ಕಿಟಕಿಯಿಂದ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ನಡೆದರೆ ಮುಕ್ಕಾಲು ಗಂಟೆ, ಬಸ್ಸಾದರೆ ಹತ್ತು ನಿಮಿಷ. ಅವಳು ಎರಡು ಸಾವಿರ ಕಾರ್ಡುಗಳ ಕಟ್ಟು ಬಿಚ್ಚಿದಳು. ಅವು ಕ್ರಮವಾಗಿಯೇ ಇದ್ದವು. ಮೇಜಿನ ಮೇಲೆ ಚೆಲ್ಲಿ ಕಲಸಿದಳು. ಮತ್ತೆ ಒಂದರಿಂದ ಜೋಡಿಸತೊಡಗಿದಳು. ಮಾರನೆಯ ದಿನ ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಜವಾನ ಬಂದು ಆಸ್ಪತ್ರೆಯಿಂದ ಫೋನ್ ಬಂದಿತ್ತು ಎಂದು ಹೇಳುವಾಗಲೂ ಅವಳ ಕೈಯಲ್ಲಿ ಕಾರ್ಡುಗಳಿದ್ದವು.

ಭಯವಾಗಿತ್ತು ಎಂದು ಹೇಳಿಕೊಳ್ಳಬಹುದಿತ್ತು. ಎಷ್ಟೋ ವರ್ಷ ತನಗೆ ತಾನೇ ಹಾಗೆ ಹೇಳಿಕೊಂಡೂ ಇದ್ದಳು. ಆದರೆ ಭಯವಾಗಿರಲಿಲ್ಲ. ಹೋಗಬೇಕೆನಿಸಿರಲಿಲ್ಲ, ಅಷ್ಟೆ. ಯಂತ್ರ ನಿಧಾನವಾಗಿದ್ದ ಕಾಲ. ಇಪ್ಪತ್ತಾರು ಗಂಟೆ ಎಂದರೆ ಯಾರಿಗೂ ಅನುಮಾನ ಬರಲಿಲ್ಲ.

*

ವೇದಿಕೆಗೆ ಕರೆದರು. ಹೋಗಲೇಬೇಕಾಯಿತು.

ಮೇಜಿನ ಮೇಲೆ ಅಂಗೈಯಗಲದ ಡಬ್ಬಿಯಂಥ ಹೊಸ ಯಂತ್ರ, ಪಕ್ಕದಲ್ಲಿ ಕೆಂಪು ಗುಂಡಿ. ಹುಡುಗಿ ಮೈಕ್ ಹಿಡಿದಳು. "ಐವತ್ತೈದು ವರ್ಷದ ಹಿಂದೆ ಈ ಲೆಕ್ಕಕ್ಕೆ, ಲಾಗ್ ಬುಕ್‌ನಲ್ಲಿ ಮೇಡಂ ಅವರೇ ಬರೆದ ಪ್ರಕಾರ, ತಗೊಂಡ ಸಮಯ ಆರು ಗಂಟೆ ಹದಿನೈದು ನಿಮಿಷ! ಈಗ ನೋಡೋಣ."

ಎರಡನೇ ಸಾಲಿನಲ್ಲಿ ತಂಗಿಯ ಮುಖದ ಮೇಲೆ ನಗು ಇದ್ದಂತೆಯೇ ಇತ್ತು. ತೆಗೆಯುವುದು ಮರೆತ ಹಾಗೆ.

"ಒತ್ತಿ ಮೇಡಂ."

ಒತ್ತಿದಳು. ಸಭೆ ಕಾಯಿತು. ಅವಳೂ ಕಾದಳು. ಒಂದು ನಿಮಿಷವಾದರೂ ತೆಗೆದುಕೊಳ್ಳಲಿ ಎಂದು ಮನಸ್ಸು ಸುಮ್ಮನೆ ಬೇಡುತ್ತಿತ್ತು. ಅರ್ಧ ನಿಮಿಷವಾದರೂ.

"ಶುರುವಾಯ್ತಾ?" ಹಿಂದಿನಿಂದ ಯಾರೋ ಕೇಳಿದರು.

"ಮುಗೀತು!" ಎಂದಳು ಹುಡುಗಿ. "ಒಂದು ಸೆಕೆಂಡನ್ನು ಐವತ್ತು ಚೂರು ಮಾಡಿ. ಅದರಲ್ಲಿ ಒಂದು ಚೂರು. ಹೆಚ್ಚುಕಮ್ಮಿ ಹತ್ತು ಲಕ್ಷ ಪಟ್ಟು ಬೇಗ!" ನಗು, ಚಪ್ಪಾಳೆ. ಪರದೆಯ ಮೇಲೆ ಉತ್ತರ ನಿಂತಿತ್ತು. ಕೊನೆಯ ಅಂಕಿಯವರೆಗೂ ಅವಳದೇ ಉತ್ತರ. ಅದು ಸರಿಯಾಗಿದ್ದೂ ಯಾರಿಗೂ ಏನೂ ಉಪಯೋಗವಿರಲಿಲ್ಲ.

ಎರಡು ಮಾತು ಆಡಿ ಎಂದು ಮೈಕ್ ಕೊಟ್ಟರು.

"ಆಗ ಮೆಷಿನ್ ನಿಧಾನ" ಎಂದಳು. "ಯೋಚನೆ ಮಾಡೋಕೆ ನಮಗೆ ಸಮಯ ಸಿಗ್ತಿತ್ತು." ಚಪ್ಪಾಳೆ ಬಿತ್ತು. ಎರಡನೇ ಸಾಲು ನೋಡಿದಳು. ತಂಗಿಯ ಕುರ್ಚಿ ಖಾಲಿ.

ತಂಗಿ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತಿದ್ದಳು. ಹೊಸ ಕಣ್ಣಿನಿಂದ, ಗಾಜಿನ ಮೇಲೆ ಬೆರಳಿಟ್ಟು, ಶಾಲೆಯ ಮಗು ಓದುವ ಹಾಗೆ ಸಾಲು ಹಿಡಿದು ಓದುತ್ತಿದ್ದಳು.

ವೇದಿಕೆ ಇಳಿದು ಅವಳ ಬಳಿ ಹೋಗುವಷ್ಟರಲ್ಲಿ ನಾಲ್ವರು ಫೋಟೋಗೆ ನಿಲ್ಲಿಸಿದರು.

"ಆಗ ನಿನ್ನ ಅಕ್ಷರ ಎಷ್ಟು ದುಂಡಗಿತ್ತು ಅಕ್ಕ" ಎಂದಳು ತಂಗಿ.

"ಹೂಂ."

"ಹೋಗೋಣ್ವಾ?"

"ಊಟ ಇದೆಯಂತೆ."

"ನನಗೆ ಹಸಿವಿಲ್ಲ."

*

ಕೇಂದ್ರದ ಕಾರಿಗೆ ಕಾಯದೆ ಗೇಟಿನ ಹೊರಗೆ ಟ್ಯಾಕ್ಸಿ ಹಿಡಿದರು. ಡ್ರೈವರ್ ಈ ಊರಿಗೆ ಹೊಸಬ. ಸ್ಟಿಯರಿಂಗ್ ಪಕ್ಕ ಸಿಕ್ಕಿಸಿದ ಫೋನು ದಾರಿ ಹೇಳುತ್ತಿತ್ತು. ಅದು ಹೇಳಿದಂತೆ ಅವನು ಓಡಿಸುತ್ತಿದ್ದ.

ತಂಗಿ ಬೋರ್ಡುಗಳನ್ನು ಓದುತ್ತಿರಲಿಲ್ಲ.

ಏನಾದರೂ ಕೇಳಲಿ ಎಂದು ಅವಳು ಕಾದಳು. ಯಾಕೆ ಎಂದು ಕೇಳಿದರೆ ಹೇಳಲು ಐವತ್ತೈದು ವರ್ಷದಲ್ಲಿ ಏಳೆಂಟು ಉತ್ತರ ಸಿದ್ಧಮಾಡಿದ್ದಳು. ಅವುಗಳಲ್ಲಿ ಒಂದೆರಡು ಚೆನ್ನಾಗಿಯೂ ಇದ್ದವು. ವೇದಿಕೆಯಲ್ಲಿ ಕೊಟ್ಟಿದ್ದ, ಮಡಿಲಲ್ಲಿದ್ದ ಹೂಗುಚ್ಛದ ಎಲೆಗಳನ್ನು ಒಂದೊಂದಾಗಿ ಕಿತ್ತಳು.

"ಲೆಕ್ಕದಲ್ಲಿ ನಾನು ದಡ್ಡಿ" ಎಂದಳು ತಂಗಿ, ಕಿಟಕಿಯ ಕಡೆಯಿಂದ ಮುಖ ತಿರುಗಿಸದೆ. "ಸಂಜೆ ನಾಲ್ಕು ಇಪ್ಪತ್ತೈದರಿಂದ ಮಾರನೇ ದಿನ ಹನ್ನೆರಡು ಹತ್ತು. ಹತ್ತೊಂಬತ್ತು ಮುಕ್ಕಾಲು ಗಂಟೆ. ಸರೀನಾ?"

ಅವಳು ಮನಸ್ಸಿನಲ್ಲೇ ಕಳೆದು ನೋಡಿದಳು. ಅಭ್ಯಾಸಬಲ.

"ಸರಿ."

"ಅಮ್ಮಂಗೆ ನಾನು ಸುಳ್ಳು ಹೇಳಿದ ಹಾಗಾಯ್ತು."

ಟ್ಯಾಕ್ಸಿ ದೊಡ್ಡ ವೃತ್ತವೊಂದನ್ನು ಹೊಕ್ಕಿತು. ಮೂರನೇ ತಿರುವು ಹಿಡಿಯಿರಿ ಎಂದಿತು ಫೋನು. ಮೂರನೇ ತಿರುವಿನ ಬಾಯಿಗೆ ಡ್ರಮ್ಮುಗಳನ್ನು ಅಡ್ಡ ಇಟ್ಟು ರಸ್ತೆ ಅಗೆದಿದ್ದರು. ಡ್ರೈವರ್ ಗೊಣಗುತ್ತ ಮುಂದೆ ಹೋದ. ಮಾರ್ಗವನ್ನು ಮತ್ತೆ ಲೆಕ್ಕ ಹಾಕಲಾಗುತ್ತಿದೆ ಎಂದಿತು ಫೋನು. ಹೇಳಿ ಮುಗಿಯುವ ಮೊದಲೇ ಹೊಸ ನೀಲಿ ಗೆರೆ ಮೂಡಿತ್ತು. ವೃತ್ತವನ್ನು ಬಳಸಿಕೊಂಡು ಅದು ಮತ್ತೆ ಅದೇ ತಿರುವಿಗೆ ಬಂದು ಸೇರುತ್ತಿತ್ತು.

ಎರಡನೇ ಸುತ್ತು. ಅದೇ ಡ್ರಮ್ಮುಗಳು. ಫೋನಿನ ದನಿಯಲ್ಲಿ ಬೇಸರವಿರಲಿಲ್ಲ, ದೂರೂ ಇರಲಿಲ್ಲ.

"ಇದಕ್ಕೆ ತಲೆ ಕೆಟ್ಟಿದೆ" ಎಂದ ಡ್ರೈವರ್. "ನಿಮಗೆ ದಾರಿ ಗೊತ್ತಿರಬೇಕಲ್ವಾ ಅಮ್ಮಾ? ಯಾವ ಕಡೆ ತಿರುಗಿಸಲಿ?"

ದಾರಿ ಇಬ್ಬರಿಗೂ ಗೊತ್ತಿತ್ತು. ತಂಗಿ ಹೇಳುತ್ತಾಳೆಂದು ಅವಳು ಸುಮ್ಮನಿದ್ದಳು. ತಂಗಿಯೂ ಸುಮ್ಮನಿದ್ದಳು.

ಹಿಂದಿನಿಂದ ಹಾರ್ನು ಕೇಳಿತು. ಡ್ರೈವರ್ ಮೂರನೇ ಸುತ್ತಿಗೆ ಗಾಡಿ ಬಿಟ್ಟ. ಅವಳು ಮುಂದಕ್ಕೆ ಬಾಗಿ ಫೋನಿನ ಪರದೆಯನ್ನೇ ನೋಡತೊಡಗಿದಳು. ನೀಲಿ ಗೆರೆ ಅಳಿಸಿತು, ಮೂಡಿತು, ಅಳಿಸಿತು. ಟ್ಯಾಕ್ಸಿಯ ಗುರುತಿನ ಬಾಣ ಪರದೆಯ ನಟ್ಟನಡುವೆ ಇದ್ದಲ್ಲೇ ನಿಂತಿತ್ತು. ಅದರ ಸುತ್ತ ಬೀದಿಗಳು, ಮನೆಗಳು, ಇಡೀ ಊರು ಸದ್ದಿಲ್ಲದೆ ತಿರುಗುತ್ತಿದ್ದವು.