ಒಂಬತ್ತು ಅಂಕದ ಹುಳಿ ಮಾವು

ಹಣ್ಣಿನ ಸಂಶೋಧನಾ ಕೇಂದ್ರದಲ್ಲಿ ರುಚಿ ನೋಡಿ ಅಂಕ ಹಾಕುವವರಿಗೆ ನಾಲಿಗೆ ಮೇಷ್ಟ್ರು ಅಂತಲೇ ಹೆಸರು. ಅವರ ನಾಲಿಗೆ ಅಂತಿಂಥದ್ದಲ್ಲ. ಮಾವಿನ ಒಂದು ಹೋಳು ಬಾಯಿಗಿಟ್ಟರೆ ಸಾಕು, ಅದು ಯಾವ ದಿಕ್ಕಿನ ಕೊಂಬೆಯದು, ಕಿತ್ತವನು ಎಡಚನೋ ಅಲ್ಲವೋ, ಬೆಳಿಗ್ಗೆ ಹೆಂಡತಿ ಜೊತೆ ಜಗಳ ಆಡಿ ಬಂದಿದ್ದನೋ, ಎಲ್ಲ ಹೇಳಿಬಿಡುತ್ತಿದ್ದರಂತೆ. ಮೂವತ್ತು ವರ್ಷ ದಿನಕ್ಕೆ ನಲವತ್ತು ಹೋಳು ಅಗಿದು ಉಗಿದು ಈಗ ಆ ನಾಲಿಗೆ ಸವೆದ ಚಪ್ಪಲಿಯ ಹಾಗಾಗಿತ್ತು. ಮನೆಗೆ ಹೋದರೆ ನೀರೂ ಹುಳಿ.

ಆವತ್ತು ಮರದ ಕೆಳಗೇ ಮೇಜು ಹಾಕಿದ್ದರು. ತಟ್ಟೆಯಲ್ಲಿದ್ದದ್ದು ಹೊಸ ತಳಿಯ ಮೊದಲ ಹಣ್ಣು. ಕಸಿ ಕಟ್ಟಿದವರು ಮೇಷ್ಟ್ರ ಹೆಂಡತಿಯೇ; ಕೇಂದ್ರಕ್ಕೆಲ್ಲ ಅವರು ಕಸಿಯಕ್ಕ. ಕಸಿ ಗಿಡ ನಾಲ್ಕು ವರ್ಷಕ್ಕೆ ಕಾಯಿ ಬಿಡಬೇಕು. ಇದು ಹನ್ನೊಂದು ತೆಗೆದುಕೊಂಡಿತ್ತು. "ದೊಡ್ಡ ಮನೆತನದ್ದು, ನಾಚಿಕೆ ಜಾಸ್ತಿ" ಎಂದು ಕಸಿಯಕ್ಕ ನಗುತ್ತಿದ್ದರು. ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಹತ್ತಕ್ಕೆ ಎಂಟರ ಮೇಲೆ ಅಂಕ ಬಂದರೆ ತಳಿಗೆ ಅವರ ಹೆಸರೇ ಇಡುವುದೆಂದು ಕೇಂದ್ರದ ಸಾಹೇಬರು ಮಾತು ಕೊಟ್ಟಿದ್ದರು.

ಮೇಷ್ಟ್ರು ಹೋಳು ಬಾಯಿಗಿಟ್ಟರು. ಹಲ್ಲು ಜುಂ ಅಂದಿತು. ಸಂದಿಗೆಲ್ಲ ನಾರು. ಇದು ಹೊಸ ತಳಿಯಲ್ಲ, ಕಾಡುಮಾವು! ಕಸಿಯೆಂದರೆ ಕಾಡುಮಾವಿನ ಸಸಿಗೆ ಒಳ್ಳೆ ಮರದ ಕಡ್ಡಿ ಕಟ್ಟುವುದು. ಕಡ್ಡಿ ಒಣಗಿದರೆ ಕೆಳಗಿನ ಸಸಿ ಸದ್ದಿಲ್ಲದೆ ಚಿಗುರಿ ಯಜಮಾನನಾಗಿಬಿಡುತ್ತದೆ. ಹನ್ನೊಂದು ವರ್ಷ ಎಲ್ಲರೂ ನೀರೆರೆದದ್ದು ಆ ಯಜಮಾನನಿಗೆ.

"ಹೆಂಗಿದೆ?" ಕಸಿಯಕ್ಕ ಕೈಯ ಮಣ್ಣು ಕೊಡವುತ್ತಾ ಕೇಳಿದರು.

"ಚೆನ್ನಾಗಿದೆ" ಎಂದು ಮೇಷ್ಟ್ರು ಪಟ್ಟಿಯಲ್ಲಿ ಒಂಬತ್ತು ಬರೆದರು. ಅವರ ಜನ್ಮದ ಮೊದಲ ಸುಳ್ಳು ಅಂಕ. ಪೆನ್ನು ಹಾರೆಯಷ್ಟು ಭಾರವಾಗಿತ್ತು.

ಕಸಿಯಕ್ಕನ ಹುಬ್ಬು ಗಂಟಾಯಿತು. "ಒಂಬತ್ತಾ? ರೀ, ಮದುವೆಯಾದಾಗಿಂದ ನನ್ನ ಅಡುಗೆಗೆ ಆರು ದಾಟಿಲ್ಲ ನೀವು. ಕೊಡಿ ಇಲ್ಲಿ."

"ಬೇಡ ಕಣೇ, ಒಂದೇ ಹೋಳು ಉಳಿದಿರೋದು, ಸಾಹೇಬ್ರಿಗೆ ಬೇಕು."

"ಸಾಹೇಬ್ರಿಗೆ ಸಕ್ಕರೆ ಕಾಯಿಲೆ."

ಬಾಯಿಗಿಟ್ಟ ಕೂಡಲೇ ಕಸಿಯಕ್ಕನ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಉಗಿಯಲಿಲ್ಲ, ನುಂಗಿದರು. ಕುಕ್ಕರಗಾಲಲ್ಲಿ ಕೂತು ಮರದ ಬುಡ ಕೆದಕಿದರು. ಮೊಳ ಆಳದಲ್ಲಿ ಕಸಿಯ ಗಂಟು ಕೊಳೆತು ಕುಳಿಬಿದ್ದಿತ್ತು. ಮರ ಹೊರಟಿದ್ದು ಅದರ ಕೆಳಗಿಂದ.

"ಕಸಿ ಕಟ್ಟಿದ ಬೇಸಿಗೇಲಿ ಗಿಡ ಬಾಡುತ್ತೆ ಅಂತ ಮಣ್ಣು ಏರಿಸಿದ್ದು ನಾನೇ. ಗಂಟು ಮುಚ್ಚಿ ಕೊಳೆತುಹೋಯ್ತು. ಹೊಸಬರು ಮಾಡಿದ್ರೆ ಕಿವಿ ಹಿಂಡ್ತಿದ್ದೆ."

"ಯಾರಿಗೂ ಗೊತ್ತಾಗಲ್ಲ ಬಿಡು."

"ಊರೂರಿಗೆ ಇದರ ಸಸಿ ಹಂಚ್ತಾರೆ. ಜನ ನನ್ನ ಹೆಸರು ಹೇಳ್ಕೊಂಡು ಮುಖ ಹಿಂಡ್ಬೇಕಾ? ತಿದ್ದಿ."

ಮೇಷ್ಟ್ರು ಒಂಬತ್ತು ಹೊಡೆದುಹಾಕಿ ಎರಡು ಬರೆದರು.

"ಎರಡು ಯಾಕೆ?"

"ಒಂದು ಬಣ್ಣಕ್ಕೆ. ಇನ್ನೊಂದು ನೆರಳಿಗೆ."

"ಪಟ್ಟಿಯಲ್ಲಿ ನೆರಳಿಗೆ ಜಾಗ ಇಲ್ಲ ರೀ."

ಮೇಷ್ಟ್ರು ಎರಡನ್ನೂ ಹೊಡೆದು ಒಂದು ಮಾಡಿ ರುಜು ಹಾಕಿದರು. ಕಸಿಯಕ್ಕ ಏಳಲು ನೋಡಿದರು, ಮಂಡಿ ಒಪ್ಪಲಿಲ್ಲ. "ಸ್ವಲ್ಪ ಹೊತ್ತು ಕೂತಿರೋಣ" ಎಂದು ಆ ಹುಳಿ ಮರಕ್ಕೇ ಬೆನ್ನು ಕೊಟ್ಟರು. ಮೇಷ್ಟ್ರೂ ಪಕ್ಕದಲ್ಲಿ ಕೂತರು. ಪಟ್ಟಿ ಕಾಯುತ್ತಾ ಸಾಹೇಬರು ಕಚೇರಿ ಬಾಗಿಲಲ್ಲೇ ನಿಂತಿದ್ದರು.