ಸಾಲಿಗೆ ಕಟ್ಟಿದ ತೋರಣ

ಮಾವಿನ ತೋರಣ ಕಟ್ಟುವುದರಲ್ಲಿ ಹಾನಗಲ್ಲಿನಿಂದ ಸವಣೂರಿನ ತನಕ ಈ ಕರಬಸಪ್ಪನನ್ನು ಮೀರಿಸುವವರು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ನನ್ನ ತೋರಣದ ಕೆಳಗೆ ಹಾದುಹೋದ ಮದುಮಕ್ಕಳು ಇವತ್ತಿಗೂ ಜಗಳಾಡಿಲ್ಲ. ಅಂಥ ಕೈಯಿಂದಲೇ ಒಂದು ಹುಡುಗಿಯ ಓದು ನಿಲ್ಲಿಸಿದೆ. ಅದನ್ನೂ ಕೇಳಿರಿ.

ನಮ್ಮೂರು ತಡಸದ ಆಚೆ. ಸಾಲಿಗೆ ಒಂದೇ ಕೋಣೆ. ನಾಲ್ಕು ಇಯತ್ತೆ, ಎಂಬತ್ತನಾಲ್ಕು ಮಕ್ಕಳು. ಮಾಸ್ತರು ಒಬ್ಬರೇ, ಮಹಾಲಿಂಗಪ್ಪನವರು. ಒಂದು ಕಣ್ಣಿನಿಂದ ಒಂದನೇ ಇಯತ್ತೆಯ ಪಾಟಿ ನೋಡಿ, ಇನ್ನೊಂದರಿಂದ ನಾಲ್ಕನೆಯವರ ಲೆಕ್ಕ ತಿದ್ದಿ, ಬೆನ್ನಿನಿಂದ ಮಗ್ಗಿ ಕೇಳುವ ಮನುಷ್ಯ. ಅವರು ಎದುರು ಬಂದರೆ ನಮ್ಮೂರ ಎತ್ತುಗಳು ಸಹ ದಾರಿ ಬಿಡುತ್ತವೆ.

ಮಕ್ಕಳನ್ನು ಸಾಲಿಗೆ ಕಳಿಸುವುದು ಕಡ್ಡಾಯ, ತಪ್ಪಿದರೆ ದಂಡ ಎಂದು ಸರಕಾರ ಡಂಗುರ ಹೊಡೆಸಿತು. ಕಳಿಸಿದೆವು. ಇನ್ನೊಬ್ಬ ಮಾಸ್ತರನ್ನು ಕಳಿಸಿರೆಂದು ನಾವು ಬರೆದ ಅರ್ಜಿಗಳನ್ನು ಒಟ್ಟಿದ್ದರೆ ಬಣವಿಯಾಗುತ್ತಿತ್ತು. ಒಂದಕ್ಕೂ ಉತ್ತರವಿಲ್ಲ. ಮಗುವನ್ನು ಕಳಿಸದ ತಂದೆಗೆ ದಂಡ ಸರಿ, ಮಾಸ್ತರನ್ನು ಕಳಿಸದ ಸರಕಾರಕ್ಕೆ ಯಾರು ಹಾಕಬೇಕು?

ಎರಡನೇ ಮಾಸ್ತರು ಬಂದಿದ್ದರೆ ಐದನೇ ಇಯತ್ತೆ ತೆರೆಯುತ್ತಿತ್ತು. ಲಕ್ಷ್ಮಪ್ಪನ ಮಗಳು ಶೇಖವ್ವ ನಾಲ್ಕನೆಯದರಲ್ಲಿ ಎಲ್ಲರಿಗಿಂತ ಮುಂದಿದ್ದಳು. ಇಲ್ಲಿ ಇಲ್ಲದ ಐದನೆಯದು ಇರುವ ಶಿಗ್ಗಾಂವಿಗೆ ಒಂಬತ್ತು ಮೈಲು. ಹೆಣ್ಣುಮಗಳನ್ನು ಯಾರು ಕಳಿಸ್ಯಾರು? ಊರಲ್ಲೇ ಐದನೆಯದು ತೆರೆದರೆ ಓದು, ಇಲ್ಲವಾದರೆ ಹೊಲ.

ಅರವತ್ತೆರಡರ ಚಳಿಗಾಲದಲ್ಲಿ ತಪಾಸಣೆಯ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಎರಡನೇ ಮಾಸ್ತರು ಬೇಕೋ ಬೇಡವೋ ಎಂದು ಬರೆಯುವವರು ಅವರೇ. ನಾನು ಏಣಿ ಹತ್ತಿ ಸಾಲಿಗೆ ತೋರಣ ಕಟ್ಟುತ್ತಿದ್ದೆ. ಊರಿಗೆಲ್ಲ ಹೆರಿಗೆ ಮಾಡಿಸುವ ಹಾಜರಾಬಿ ಬಂದು ಕೆಳಗೆ ನಿಂತಳು.

“ಕರಬಸಣ್ಣ, ಸಾಲೀಗೆ ಮದಿವಿ ಮಾಡಾಕತ್ತೀಯೇನ?”

“ಸಾಹೇಬ್ರು ಬರ್ತಾರ. ಮಾಸ್ತರ ಮಾನದ ಪ್ರಶ್ನೆ ಐತಿ. ಸಣ್ಣ ಹುಡುಗ್ರು ಗದ್ದಲ ಮಾಡ್ತಾವು, ಮೂವತ್ತು ಮಂದೀನ್ನ ಗುಡಿ ಕಟ್ಟಿಗೆ ಕಳಸ್ತೇನಿ. ಬಿರುಕು ಬಿಟ್ಟ ಗ್ವಾಡಿಗೆ ಜಮಖಾನಿ ಇಳಿಬಿಟ್ಟೇನಿ.”

“ಅಯ್ಯ! ಬಸುರಿ ಹೆಂಗಸು ಬ್ಯಾನಿ ಮುಚ್ಚಿಟ್ಟು ನಕ್ಕೋತ ಕುಂತ್ರ ನಾನೂ ಎದ್ದು ಮನಿಗೆ ಹೊಕ್ಕೇನಿ. ಸಾಹೇಬ್ರೂ ಹಂಗ. ಇದ್ದದ್ದು ಇದ್ದಂಗ ತೋರ್ಸು.”

“ನಿಂದು ಹೆರಿಗಿ ಕೆಲಸ. ರಾಜಕಾರಣ ನಿನಗ ತಿಳಿಯಂಗಿಲ್ಲ.”

“ಎಲಿ ಕಟ್ಟೋದು ರಾಜಕಾರಣ ಅಂತ ನನಗ ಗೊತ್ತಿರ್ಲಿಲ್ಲ ಬಿಡಪ್ಪ.”

ಸಾಹೇಬರು ಬಂದರು. ಐವತ್ತನಾಲ್ಕು ಮಕ್ಕಳು ಉಸಿರು ಬಿಡದೆ ಕುಳಿತಿದ್ದರು. ನೊಣ ಕೂಡ ಕೈಕಟ್ಟಿ ಕುಳಿತಿತ್ತು. ಮಾಸ್ತರು ಎದ್ದು, “ಸಾಹೇಬ್ರ, ಒಂದು ವಿನಂತಿ...” ಅಂದರು. ಅಷ್ಟರಲ್ಲಿ ನಾನು ನುಗ್ಗಿ ಇಬ್ಬರ ಕೊರಳಿಗೂ ಹಾರ ಹಾಕಿ ಚಪ್ಪಾಳೆ ಹೊಡೆಸಿದೆ. ಹೋಳಿಗೆ ಬಂತು. ವಿನಂತಿ ಮಾಸ್ತರ ಗಂಟಲಲ್ಲೇ ಉಳಿಯಿತು.

ಸಾಹೇಬರು ಹೋದ ಮೇಲೆ, ಅವರು ಶೇರಾ ಪುಸ್ತಕದಲ್ಲಿ ಬರೆದಿಟ್ಟ ಅಭಿಪ್ರಾಯವನ್ನು ಮಾಸ್ತರು ಓದಿದರು: “ಒಬ್ಬರೇ ಶಿಕ್ಷಕರು ಶಾಲೆಯನ್ನು ಅಚ್ಚುಕಟ್ಟಾಗಿ ನಡೆಸುತ್ತಿದ್ದಾರೆ. ಎರಡನೆಯ ಶಿಕ್ಷಕರ ಅಗತ್ಯ ಕಂಡುಬರುವುದಿಲ್ಲ.”

ಪುಸ್ತಕ ಮುಚ್ಚಿದರು. ನನಗೆ ಬಯ್ಯಲಿಲ್ಲ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಜೂನಿನಲ್ಲಿ ಶೇಖವ್ವನ ಕೈಗೆ ಕಳೆ ತೆಗೆಯುವ ಕುರ್ಚಗಿ ಬಂತು. ಲಕ್ಷ್ಮಪ್ಪ ನೆಟ್ಟಗೆ ನನ್ನ ಕಟ್ಟೆಗೆ ಬಂದ. ಮಾಸ್ತರೂ ಹಾಜರಾಬಿಯೂ ಅಲ್ಲೇ ಇದ್ದರು.

“ಏ ತೋರಣದ ಧಣಿ, ನನ್ನ ಮಗಳು ಓದಿದ್ದು ಸಾಕಂತ ನಿನ್ನ ಸಾಹೇಬ ಬರದ.”

“ಅಂವ ಬರದ್ರ ನಾ ಏನ್ ಮಾಡ್ಲಿ?”

“ಬರಸಿದಾಂವ ನೀನ.”

ಹಾಜರಾಬಿ ನಡುವೆ ಬಂದಳು. “ಜಗಳ ಸಾಕು. ಎಲ್ಲಾ ಮನಿಯವರೂ ಒಂದ ಅರ್ಜಿಗೆ ಹೆಬ್ಬೆಟ್ಟು ಒತ್ರಿ. ಮತ್ತ ಬಂದು ನೋಡ್ರಿ ಅಂತ ಬರೀರಿ. ಕಚೇರ್ಯಾಗ ಕೊಟ್ಟು, ನಮ್ಮ ಪ್ರತಿ ಮ್ಯಾಲೆ ಶಿಕ್ಕಾ ಹೊಡಿಸ್ಕೊಂಡು ಬರ್ರಿ. ಆಮ್ಯಾಲೆ ಅರ್ಜಿ ಬಂದ ಇಲ್ಲ ಅನ್ನಾಕ ಬರಂಗಿಲ್ಲ ಅವರಿಗೆ.”

ಲಕ್ಷ್ಮಪ್ಪ ಹಿಂಜರಿದ. “ಹಂಗ ಬರದ್ರ, ಮಾಸ್ತರಿಗೆ ಸಾಲಿ ನಡಸಾಕ ಬರಂಗಿಲ್ಲ ಅಂದಂಗ ಆಗಂಗಿಲ್ಲೇನು? ಇಂಥಾ ಮನಷ್ಯಾನ ಮಾನ ನಾವ ಕಳೀಬೇಕೇನು?”

ಮಾಸ್ತರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. “ಏಳು ವರ್ಷ ನೀವೆಲ್ಲ ನನಗ ಹಾರ ಹಾಕೀರಿ, ಲಕ್ಷ್ಮಪ್ಪ. ಒಬ್ಬನ ಕೈಲೆ ಆಗಂಗಿಲ್ಲ ಅಂತ ಹೇಳಾಕ ಒಮ್ಮೆ ಬಿಡ್ರಿ.”

ಲಕ್ಷ್ಮಪ್ಪ ಮಸಿ ತರಿಸಿದ. ಮೊದಲ ಹೆಬ್ಬೆಟ್ಟು ಅವನದೇ.

ಸಾಹೇಬರು ಮತ್ತೆ ಬಂದದ್ದು ಮಳೆಯಲ್ಲಿ. ಎಂಬತ್ತನಾಲ್ಕೂ ಮಕ್ಕಳು ಒಳಗೆ. ಆ ಗದ್ದಲ ಹುಬ್ಬಳ್ಳಿಗೆ ಮುಟ್ಟಿರಬೇಕು. ಸಾಹೇಬರು ಕೇಳಿದ ಪ್ರಶ್ನೆ ಅವರಿಗೇ ಕೇಳಿಸಲಿಲ್ಲ. ಗೋಡೆಯ ನೀರು ಅವರ ಬೂಟಿನೊಳಗೆ ಇಳಿಯಿತು. ಮಾಸ್ತರು ತಮ್ಮ ವಿನಂತಿಯನ್ನು ಪೂರ್ತಿ ಹೇಳಿದರು. ಆಮೇಲೆ ಲಕ್ಷ್ಮಪ್ಪ ಮಗಳ ಕೈ ಹಿಡಿದು ಮುಂದೆ ಬಂದ.

“ಸಾಹೇಬ್ರ, ಇಕಿ ನಾಲ್ಕನೇದು ಪಾಸಾಗ್ಯಾಳ. ಕಳಸದಿದ್ರ ದಂಡ ಅಂತೀರಿ. ಎಲ್ಲಿ ಕುಂದ್ರಸ್ಲಿ, ಬರಕೊಡ್ರಿ.”

ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿದರು. ಬರೆದರು: “ಎರಡನೆಯ ಶಿಕ್ಷಕರನ್ನು ಕೂಡಲೇ ನೇಮಿಸತಕ್ಕದ್ದು.”

ಆ ‘ಕೂಡಲೇ’ಗೆ ಇಂದಿಗೆ ಹನ್ನೊಂದು ತಿಂಗಳು. ಲಕ್ಷ್ಮಪ್ಪ ಶಿಕ್ಕಾ ಹೊಡೆದ ಪ್ರತಿ ಹಿಡಿದು ತಿಂಗಳು ತಿಂಗಳು ಶಿಗ್ಗಾಂವಿಯ ಕಚೇರಿಗೆ ನಡೆಯುತ್ತಾನೆ. ಮಗಳನ್ನು ಹೊಲಕ್ಕೆ ಕಳಿಸಲು ಈಗ ಅವನು ಒಪ್ಪುವುದಿಲ್ಲ. ಅವಳು ಬಾಯಿಪಾಠವಾದ ಅದೇ ಪುಸ್ತಕ ಹಿಡಿದು ನಾಲ್ಕನೆಯದರಲ್ಲೇ ಮತ್ತೆ ಕುಳಿತಿದ್ದಾಳೆ.

ಹಾನಗಲ್ಲ, ಸವಣೂರ, ಹಿರೇಕೆರೂರ ಕಡೆಯ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಿಗೂ ಸಾಹೇಬರು ಬಂದೇ ಬರುತ್ತಾರೆ. ಆ ದಿನ ಎಲ್ಲ ಮಕ್ಕಳನ್ನೂ ಒಳಗೆ ಕೂಡಿಸಿರಿ. ಸೋರುವುದನ್ನು ತೋರಿಸಿರಿ. ಮಾಸ್ತರು ಮಾತಾಡುವಾಗ ನನ್ನಂಥವನನ್ನು ಹೊರಗೆ ನಿಲ್ಲಿಸಿರಿ. ಒಂದೇ ಅರ್ಜಿಗೆ ಊರೆಲ್ಲ ಹೆಬ್ಬೆಟ್ಟು ಒತ್ತಿರಿ, ಉತ್ತರ ಬರುವ ತನಕ ಕಚೇರಿಯ ಮೆಟ್ಟಿಲು ಬಿಡಬೇಡಿರಿ. ಇವತ್ತೇ ಶುರು ಮಾಡಿರಿ.

ಶೇಖವ್ವನಿಗೆ ಈಗ ಹನ್ನೆರಡು ತುಂಬಿತು. ವರನ ಕಡೆಯವರು ಮನೆ ಕೇಳಿಕೊಂಡು ಬರತೊಡಗಿದ್ದಾರೆ. ನಿಮ್ಮ ಮಗಳಿಗೆ ಎಷ್ಟು ವಯಸ್ಸು?